ತೆರೆಗಳ ಲೆಕ್ಕ: ಧಾರಾವಿಯ ಖಾಡಿಯಿಂದ ಸಸಿಹಿತ್ಲಿನವರೆಗೆ

ಮುಂಬಯಿಯಲ್ಲಿ ನೆಲೆಸಿದ ನಮ್ಮವರಿಗೆ ಕಡಲು ಹೊಸದಲ್ಲ. ಕರಾವಳಿಯಿಂದ ಬಂದವರು ಅದರ ಸದ್ದನ್ನು ಕೇಳುತ್ತಲೇ ಬೆಳೆದವರು. ಘಟ್ಟದ ಮೇಲಿನಿಂದ ಬಂದವರೂ ಮೊದಲ ಭಾನುವಾರವೇ ಚೌಪಾಟಿಗೆ ಹೋಗಿ ಕಾಲು ತೋಯಿಸಿಕೊಂಡವರು. ಆದರೆ ಕಡಲಿನ ಲೆಕ್ಕ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಈ ಪ್ರಶ್ನೆ ನಮಗೆ ಹುಟ್ಟಿದ್ದು ನಮ್ಮ ಮಗಳಿಂದ. ಕಳೆದ ಮೇ ತಿಂಗಳ ರಜೆಗೆ ಮೂಲ್ಕಿಗೆ ಹೊರಡುವ ಮಾತು ಬಂದಾಗ, ಸಸಿಹಿತ್ಲಿನಲ್ಲಿ ಹಲಗೆಯ ಮೇಲೆ ನಿಂತು ತೆರೆಯೇರುವ ಆಟವನ್ನು, ಅಂದರೆ ಸರ್ಫಿಂಗನ್ನು, ಕಲಿತೇ ಬರುವೆನೆಂದು ಆಕೆ ಹಟ ಹಿಡಿದಳು. ಮನೆಯವರು ಒಂದೇ ಮಾತಿನಲ್ಲಿ ಬೇಡವೆಂದರು. ಪ್ರತಿ ಬೇಸಗೆಯಲ್ಲಿಯೂ ಕಡಲಿಗಿಳಿದು ಹಿಂದಿರುಗದ ಮಕ್ಕಳ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದವರಿಗೆ ಇನ್ನೇನು ತೋರಬೇಕು? ಇಬ್ಬರ ನಡುವೆ ಸಿಕ್ಕ ನಾವು, ಕಾರಕೂನರ ಅಭ್ಯಾಸದಂತೆ, ತೀರ್ಮಾನಕ್ಕೆ ಮೊದಲು ಹಳೆಯ ಕಡತ ತೆಗೆಯೋಣವೆಂದು ಕುಳಿತೆವು. ಆ ಕಡತದ ಸಾರವೇ ಈ ಲೇಖನ.

ಕಡತದ ಮೊದಲ ಪುಟ ಧಾರಾವಿಯದು, ಏಕೆಂದರೆ ನಾವು ಬೆಳೆದದ್ದು ಅಲ್ಲಿ. ಧಾರಾವಿ ಎಂದೊಡನೆ ಎಲ್ಲರಿಗೂ ಚರ್ಮದ ಕೆಲಸ, ಕುಂಬಾರವಾಡೆ, ಇಕ್ಕಟ್ಟಾದ ಗಲ್ಲಿಗಳು ನೆನಪಾಗುತ್ತವೆ; ಕಡಲು ಯಾರಿಗೂ ನೆನಪಾಗುವುದಿಲ್ಲ. ಆದರೆ 1909ರ ಮುಂಬಯಿ ಗ್ಯಾಸೆಟಿಯರು ನಗರದ ಆರು ದೊಡ್ಡ ಕೋಳಿವಾಡೆಗಳಲ್ಲಿ ಧಾರಾವಿಯದನ್ನೂ ಒಂದಾಗಿ ಎಣಿಸಿದೆ. ಕಾಳಾ ಕಿಲ್ಲೆಯ ಬಸ್ಸು ಹಿಡಿದು ಓಡಾಡುವವರಲ್ಲಿ ಆ ಕಿಲ್ಲೆಯನ್ನು ಕಣ್ಣಾರೆ ಕಂಡವರು ಕಡಿಮೆ. ಮಿಠಿ ನದಿಯ ದಡದಲ್ಲಿ ಗುಡಿಸಲುಗಳ ನಡುವೆ ಅಡಗಿರುವ ಆ ಚಿಕ್ಕ ಕೋಟೆಯನ್ನು 1737ರಲ್ಲಿ ಗವರ್ನರ್ ಜಾನ್ ಹಾರ್ನನ ಆಜ್ಞೆಯಂತೆ ಕಟ್ಟಿಸಿದುದಾಗಿ ಅಲ್ಲಿನ ಕಲ್ಲು ಹೇಳುತ್ತದೆ. ಕಂಪನಿಯವರ ಮುಂಬಯಿ ದ್ವೀಪ ಅಲ್ಲಿಗೆ ಮುಗಿಯುತ್ತಿತ್ತು. ಆಚೆಗೆ ಉಪ್ಪು ನೀರು, ಅದರಾಚೆ ಪೋರ್ಚುಗೀಜರ ಸಾಲಸೇಟೆ. ಮುಂದೆ ಶೀವಿನಲ್ಲಿ ಗವರ್ನರ್ ಡಂಕನನ ಕಾಲದ ಸೇತು ಬಂತು. 1845ರಲ್ಲಿ ಮಾಹಿಮಿನ ಸೇತು ತೆರೆಯಿತು. ಜಮ್‌ಶೇಟ್‌ಜೀ ಜೀಜೀಭಾಯಿಯವರ ಪತ್ನಿ ಅವಾಬಾಯಿ ಒಂದೂವರೆ ಲಕ್ಷಕ್ಕೂ ಮಿಕ್ಕಿ ರೂಪಾಯಿ ಕೊಟ್ಟದ್ದರಿಂದ ಆದ ಕೆಲಸವದು. ಜನಕ್ಕೆ ದಾರಿಯಾಯಿತು, ನೀರಿಗೆ ದಾರಿ ಕಿರಿದಾಯಿತು. ಹೂಳು ತುಂಬಿದಂತೆ ಕೋಳಿಗಳ ದೋಣಿಗಳೂ ಖಾಡಿಯಿಂದ ಮರೆಯಾದವು.

ನಾವು ಚಿಕ್ಕವರಿದ್ದಾಗ, ಅಂದರೆ 1980ರ ದಶಕದ ಕೊನೆಗೆ, ನಮ್ಮ ಚಾಳಿನ ಕೊನೆಯ ಕೋಣೆಯಲ್ಲಿ ವಯಸ್ಸಾದ ಒಬ್ಬ ಕೋಳಿ ಕಾಕಾ ಇದ್ದರು. ಮೀನು ಹಿಡಿಯುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ಭರತಿ ಯಾವಾಗ, ಓಹೋಟಿ ಯಾವಾಗ ಎಂಬುದು ಅವರ ನಾಲಗೆಯ ತುದಿಯಲ್ಲಿತ್ತು. ನಮ್ಮ ತಂದೆಯವರು ಉಡುಪಿ ಪಂಚಾಂಗ ಹಿಡಿದು ಏಕಾದಶಿ ಹುಡುಕುತ್ತಿದ್ದರೆ, ಕಾಕಾ ಬಾಗಿಲಲ್ಲೇ ನಿಂತು ತಿಥಿ ಕೇಳಿಕೊಂಡು ಹೋಗುತ್ತಿದ್ದರು. ಒಮ್ಮೆ ನಮ್ಮನ್ನು ಕರೆದು, “ಬಾಳಾ, ಹುಣ್ಣಿಮೆ ಅಮಾವಾಸ್ಯೆಗೆ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಭರತಿ. ಆಮೇಲೆ ದಿನ ಎಷ್ಟಾಯಿತೋ ಅದರ ಮುಕ್ಕಾಲು ಮಾಡು, ಗಂಟೆ ಸಿಗುತ್ತದೆ” ಎಂದರು. ಎಂಟನೆಯ ದಿನವಾದರೆ ಎಂಟರ ಮುಕ್ಕಾಲು ಆರು; ಸಂಜೆ ಆರಕ್ಕೆ ಭರತಿ. ಮಗ್ಗಿ ಕಲಿಯುವ ವಯಸ್ಸು. ನಮಗೆ ಅದೊಂದು ಮಂತ್ರದಂತೆ ಕಂಡಿತ್ತು.

ಬಿ.ಎಸ್‌ಸಿ. ಓದುವಾಗ ಮಂತ್ರದ ಒಳಗುಟ್ಟು ತಿಳಿಯಿತು. ಚಂದ್ರ ಪ್ರತಿದಿನವೂ ಸುಮಾರು ಐವತ್ತು ನಿಮಿಷ ತಡವಾಗಿ ಹುಟ್ಟುತ್ತಾನೆ. ಉಬ್ಬರವೂ ಅಷ್ಟೇ ತಡವಾಗುತ್ತದೆ. ಮುಕ್ಕಾಲು ಗಂಟೆಯೆಂದರೆ ನಲವತ್ತೈದು ನಿಮಿಷ. ಐದು ನಿಮಿಷದ ವ್ಯತ್ಯಾಸದಿಂದ ಬಲೆ ಹಾಕುವವನಿಗೆ ನಷ್ಟವೇನೂ ಇಲ್ಲ. ಹುಣ್ಣಿಮೆಯ ದಿನ ಉಬ್ಬರ ಎಷ್ಟು ಗಂಟೆಗೆ ಎಂಬುದು ಮಾತ್ರ ರೇವಿನಿಂದ ರೇವಿಗೆ ಬೇರೆ; ಕಾಕಾ ಹೇಳಿದ ಹನ್ನೆರಡು ಮುಂಬಯಿಯದು. ನೀರು ಏರುವ ಎತ್ತರವೂ ಬೇರೆ. ಮುಂಬಯಿಯ ಎದುರಿಗೆ ಕಡಲತಳ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಆಳವಿಲ್ಲದೆ ಹರಡಿರುವುದರಿಂದ ಇಲ್ಲಿ ದೊಡ್ಡ ಭರತಿಯ ದಿನ ನೀರು ನಾಲ್ಕೂವರೆ, ಐದು ಮೀಟರಿನ ಗುರುತು ಮುಟ್ಟುತ್ತದೆ. ಮಂಗಳೂರಿನ ಕಡೆ ಉಬ್ಬರಕ್ಕೂ ಇಳಿತಕ್ಕೂ ಅಂತರ ಒಂದೂವರೆ ಮೀಟರಿನ ಆಸುಪಾಸು. ಊರಿನಿಂದ ಬಂದ ನೆಂಟರು ಮಾಹಿಮಿನ ದಡದಲ್ಲಿ ನಿಂತು “ಕಡಲು ಎಲ್ಲಿಗೆ ಹೋಯಿತು?” ಎಂದು ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಕಾಕಾರ ಮುಕ್ಕಾಲಿನ ಲೆಕ್ಕವನ್ನು ಆಂಗ್ಲರು ಯಂತ್ರಕ್ಕೆ ಏರಿಸಿದ ಕಥೆ ಸ್ವಾರಸ್ಯವಾಗಿದೆ. ಕೊಲಾಬಾದ ವೀಕ್ಷಣಾಲಯ 1826ರಲ್ಲಿ ಸ್ಥಾಪನೆಯಾದದ್ದು ನಕ್ಷತ್ರ ನೋಡಲು ಮತ್ತು ಹಡಗುಗಳಿಗೆ ಸರಿಯಾದ ವೇಳೆ ತಿಳಿಸಲು. 1841ರಿಂದ ಅಲ್ಲಿ ಗಾಳಿ, ಮಳೆ, ಅಯಸ್ಕಾಂತಗಳ ದಾಖಲೆ ಮೊದಲಾಯಿತು. ಅದರ ಮೊದಲ ಭಾರತೀಯ ನಿರ್ದೇಶಕರು ನಾನಾಭಾಯಿ ಮೂಸ್ ಎಂಬ ಪಾರಸಿ ಸಜ್ಜನರು. ಟ್ರಾಮುಗಳಿಗೆ ವಿದ್ಯುತ್ತು ಬಂದು ಅಯಸ್ಕಾಂತದ ಸೂಜಿಗಳು ಕಂಗೆಡುವ ಸಂಭವವಿದ್ದುದರಿಂದ ಆ ವಿಭಾಗ 1904ರಲ್ಲಿ ಅಲಿಬಾಗಿಗೆ ವರ್ಗವಾಯಿತು. (ಕೇಂದ್ರ ಸರ್ಕಾರದ ನೌಕರಿಯಲ್ಲಿ ವರ್ಗಾವಣೆ ಸೂಜಿಗಳಿಗೂ ತಪ್ಪಿದ್ದಲ್ಲ.) ಅಪೋಲೋ ಬಂದರಿನಲ್ಲಿ 1878ರಿಂದ ನೀರಿನ ಮಟ್ಟದ ದಾಖಲೆ ಸಿಗುತ್ತದೆ, ಹಿಂದೂ ಮಹಾಸಾಗರದ ಉತ್ತರ ಭಾಗದಲ್ಲಿ ಇಷ್ಟು ದೀರ್ಘವಾದ ದಾಖಲೆ ಇನ್ನೊಂದಿಲ್ಲ. ಮರುವರ್ಷ, 1879ರಲ್ಲಿ, ಲಂಡನ್ನಿನಲ್ಲಿ ಎಡ್ವರ್ಡ್ ರಾಬರ್ಟ್ಸ್ ಎಂಬಾತ ಭಾರತದ ಬಂದರುಗಳಿಗೆಂದೇ ಒಂದು ಯಂತ್ರ ಮಾಡಿಸಿದ. ಹಲ್ಲುಚಕ್ರಗಳು, ರಾಟೆಗಳು, ಅವುಗಳ ಮೇಲೆ ಕೆಳಗೆ ಹಾದುಹೋಗುವ ಒಂದೇ ತಂತಿ. ಚಂದ್ರನದೊಂದು ರಾಟೆ, ಸೂರ್ಯನದೊಂದು, ಚಂದ್ರನ ದೂರ ಸಮೀಪಕ್ಕೆ ಮತ್ತೊಂದು, ಹೀಗೆ ಮೊದಲು ಇಪ್ಪತ್ತು, ಅನಂತರ ಇಪ್ಪತ್ತನಾಲ್ಕು. ಹಿಡಿ ತಿರುಗಿಸಿದರೆ ತಂತಿಯ ತುದಿಯ ಲೇಖನಿ ಮುಂಬಯಿಯ ಮುಂದಿನ ಇಡೀ ವರ್ಷದ ಉಬ್ಬರವಿಳಿತವನ್ನು ಕಾಗದದ ಮೇಲೆ ಬರೆಯುತ್ತಿತ್ತು. ಉಬ್ಬರದ ಕೋಷ್ಟಕವೆಂದು ಪತ್ರಿಕೆಯ ಮೂಲೆಯಲ್ಲಿ ನಾವು ಕಾಣುವ ಅಂಕಿಗಳ ವಂಶಾವಳಿ ಇದು. ಒಂದು ವರ್ಷ ಮೊದಲೇ ಅಚ್ಚಾಗುತ್ತದೆ, ತಪ್ಪುವುದು ಅಪರೂಪ.

ಇಷ್ಟು ಮೊದಲೇ ತಿಳಿದದ್ದು ಹೊತ್ತಿಗೆ ಒದಗಲಿಲ್ಲವೆಂಬುದಕ್ಕೆ ನಾವೇ ಸಾಕ್ಷಿ. 2005ರ ಜುಲೈ 26. ನಮಗೆ ನೌಕರಿ ಸಿಕ್ಕಿ ಹೆಚ್ಚು ದಿನವಾಗಿರಲಿಲ್ಲ. ಕಚೇರಿ ಕೋಟೆ ವಿಭಾಗದಲ್ಲಿ. ಅಲ್ಲಿ ಮಳೆ ಎಂದಿನಂತೆ ಇತ್ತು. ಕೊಲಾಬಾದಲ್ಲಿ ಅಂದು ದಾಖಲಾದದ್ದು 75 ಮಿಲಿಮೀಟರಿಗೂ ಕಡಿಮೆ. ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರು. ಒಂದೇ ನಗರ, ಎರಡು ಆಕಾಶ. ಸಂಜೆ ರೈಲು ನಿಂತಿದೆಯೆಂದು ತಿಳಿದು ನಡೆಯತೊಡಗಿದ ನಾವು ಧಾರಾವಿಯ ನೈಂಟಿ ಫೀಟ್ ರಸ್ತೆ ತಲುಪುವಷ್ಟರಲ್ಲಿ ನಡುರಾತ್ರಿ. ನೀರು ಎದೆಯ ಮಟ್ಟ. ವಿಹಾರ, ಪವಯಿ ಕೆರೆಗಳ ಕೋಡಿಯಿಂದ ಹೊರಟು ಹದಿನೆಂಟು ಕಿಲೋಮೀಟರು ಹರಿದು ಮಾಹಿಮಿನ ಖಾಡಿ ಸೇರುವ ಮಿಠಿಗೆ ಅಂದು ಕಡಲಿನ ಬಾಗಿಲು ಮುಚ್ಚಿತ್ತು. ಮಧ್ಯಾಹ್ನ 3-50ಕ್ಕೆ 4.48 ಮೀಟರಿನ ಭರತಿ. ಹೊರಗೆ ಹೋಗಬೇಕಾದ ನೀರು ಒಳಗೇ ಏರಿತು. ನಮ್ಮ ತಾಯಿಯವರನ್ನು ಪಕ್ಕದವರು ಮೇಲಿನ ಮಾಳಿಗೆಗೆ ಹತ್ತಿಸಿದ್ದರು. ತಂದೆಯವರ ಕಾಗದಪತ್ರಗಳ ಟ್ರಂಕು, ಅದರಲ್ಲಿದ್ದ ಹಳೆಯ ಪಂಚಾಂಗಗಳೂ ಸೇರಿ, ಕೆಸರಿನ ಮುದ್ದೆಯಾಗಿತ್ತು. ಮುಂಬಯಿಯಲ್ಲಿಯೇ ನಾನೂರಕ್ಕೂ ಮಿಕ್ಕಿ ಜನ ಹೋದರು. ನಾವು ಕಳೆದುಕೊಂಡದ್ದು ಟ್ರಂಕು ಮಾತ್ರ.

ಎಷ್ಟೋ ದಿನಗಳ ಮೇಲೆ ಕಾಕಾರ ಲೆಕ್ಕ ನೆನಪಿಗೆ ಬಂತು. ಆ ತಿಂಗಳ ಹುಣ್ಣಿಮೆ, ಗುರುಪೂರ್ಣಿಮೆ, 21ಕ್ಕೆ. ಇಪ್ಪತ್ತಾರಕ್ಕೆ ಐದು ದಿನ. ಐದರ ಮುಕ್ಕಾಲು ಮೂರೂಮುಕ್ಕಾಲು. ಯಂತ್ರದ ಕೋಷ್ಟಕಕ್ಕೂ ಮುದುಕನ ಬಾಯಿಲೆಕ್ಕಕ್ಕೂ ಐದು ನಿಮಿಷದ ಅಂತರ! ಅಷ್ಟು ಮಳೆಯನ್ನು ಯಾರೂ ಮುಂಗಂಡಿರಲಿಲ್ಲ, ಅದು ನಿಜ. ಆದರೆ ಮಳೆ ಬಂದಮೇಲೆ ನೀರು ಯಾವ ಗಂಟೆಗೆ ಇಳಿಯಲಾರದೆಂಬುದು ತಿಂಗಳುಗಳ ಮೊದಲೇ ಅಚ್ಚಾಗಿತ್ತು. ನಮ್ಮಂತಹ ಓದಿದವರೂ ಅದನ್ನು ನೋಡಿರಲಿಲ್ಲ. ಈಗ ನಗರಪಾಲಿಕೆ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ನಾಲ್ಕೂವರೆ ಮೀಟರು ಮೀರುವ ಭರತಿಯ ದಿನಗಳನ್ನು ಪ್ರಕಟಿಸುತ್ತದೆ. ನಮ್ಮ ಮನೆಯಲ್ಲಿ ಅದು ಪಂಚಾಂಗದ ಪಕ್ಕದಲ್ಲೇ ತೂಗುತ್ತದೆ.

ಇನ್ನು ತೆರೆಗಳ ಮಾತು. ಉಬ್ಬರ ಬೇರೆ, ತೆರೆ ಬೇರೆ. ಉಬ್ಬರಕ್ಕೆ ಒಡೆಯ ಚಂದ್ರ. ಅವನ ನಡಿಗೆ ಗೊತ್ತು. ತೆರೆಗೆ ಒಡೆಯ ಗಾಳಿ. ಅದನ್ನು ಕಟ್ಟಿಹಾಕುವ ರಾಟೆಯನ್ನು ರಾಬರ್ಟ್ಸನೂ ಮಾಡಲಾರದಾದ. ತೆರೆಗಳನ್ನು ಮುಂಗಾಣುವ ವಿದ್ಯೆ ಹುಟ್ಟಿದ್ದು ಯುದ್ಧದ ತುರ್ತಿನಲ್ಲಿ. 1942ರಲ್ಲಿ ಉತ್ತರ ಆಫ್ರಿಕದ ತೀರದಲ್ಲಿ ಸೈನ್ಯ ಇಳಿಸಲು ಅಮೆರಿಕನ್ನರು ತಯಾರಿ ನಡೆಸಿದ್ದಾಗ, ವಾಲ್ಟರ್ ಮಂಕ್ ಎಂಬ ಇಪ್ಪತ್ತೈದರ ಯುವಕ ಒಂದು ಸಂಗತಿ ಗಮನಿಸಿದ. ಅಭ್ಯಾಸದ ವೇಳೆ ತೆರೆ ಐದಾರು ಅಡಿ ಮೀರಿದರೆ ದೋಣಿಗಳು ಮಗುಚುತ್ತವೆಂದು ಅಭ್ಯಾಸವನ್ನೇ ನಿಲ್ಲಿಸುತ್ತಿದ್ದರು. ಆಫ್ರಿಕದ ಆ ತೀರದಲ್ಲಾದರೋ ಚಳಿಗಾಲದ ತೆರೆ ಅದಕ್ಕಿಂತ ಎತ್ತರ. ಆತ ಮತ್ತು ಆತನ ಗುರು, ನಾರ್ವೆಯ ಹೆರಾಲ್ಡ್ ಸ್ವೆರ್‌ಡ್ರಪ್, ಸೇರಿ ಗಾಳಿಯ ವೇಗ, ಅದು ಬೀಸಿದ ಅವಧಿ, ಬೀಸಿದ ನೀರಿನ ಹರವು ಈ ಮೂರರಿಂದ ತೆರೆಯ ಎತ್ತರ ಲೆಕ್ಕ ಹಾಕುವ ಕ್ರಮ ಕಂಡುಹಿಡಿದರು. ಈ ಕ್ರಮದಲ್ಲಿ ತರಬೇತಾದವರು 1944ರ ಜೂನಿನಲ್ಲಿ ನಾರ್ಮಂಡಿಯ ದಾಳಿಗೂ ತೆರೆಯ ಲೆಕ್ಕ ಹಾಕಿದರು. ಹವೆ ಕೆಟ್ಟು ದಾಳಿ ಐದರಿಂದ ಆರನೆಯ ತಾರೀಖಿಗೆ ಹೋದದ್ದು ಎಲ್ಲರೂ ಬಲ್ಲ ವಿಷಯ.

ಇಲ್ಲೊಂದು ಸಣ್ಣ ಮಾತು. ಇದು ಮಕ್ಕಳನ್ನು ಕಡಲಿಗೆ ಕರೆದೊಯ್ಯುವವರಿಗೆ ಬೇಕಾದದ್ದು. ದೋಣಿಯ ಚುಕ್ಕಾಣಿಗರು ಹೇಳುವ ತೆರೆಯ ಎತ್ತರ, ಅಳೆದು ತೆಗೆದ ಸರಾಸರಿಗಿಂತ ಯಾವಾಗಲೂ ಹೆಚ್ಚಿರುತ್ತಿತ್ತು, ಏಕೆಂದರೆ ಮನುಷ್ಯನ ಕಣ್ಣು ದೊಡ್ಡ ತೆರೆಗಳನ್ನೇ ನೆನಪಿಡುತ್ತದೆ. ಕೊನೆಗೆ ವಿಜ್ಞಾನಿಗಳೇ ಚುಕ್ಕಾಣಿಗರಿಗೆ ಹೊಂದಿಕೊಂಡರು: ನೂರು ತೆರೆಗಳಲ್ಲಿ ದೊಡ್ಡ ಮೂವತ್ತಮೂರನ್ನು ಆರಿಸಿ ಅವುಗಳ ಸರಾಸರಿಯನ್ನು ತೆರೆಯ ಎತ್ತರವೆಂದು ಕರೆದರು. ಇಂದಿಗೂ ಮುನ್ಸೂಚನೆಯಲ್ಲಿ ಒಂದು ಮೀಟರು ಎಂದರೆ ಅದೇ ಅರ್ಥ. ಎಂದರೆ ನಡುನಡುವೆ ಎರಡು ಮೀಟರಿನ ಹತ್ತಿರದ ತೆರೆಯೂ ಬರಬಹುದು. “ಒಂದೇ ಮೀಟರಲ್ಲವೇ” ಎಂದು ಕಡಲಿಗೆ ಬೆನ್ನು ಹಾಕಿ ನಿಂತು ಫೋಟೋ ತೆಗೆಸಿಕೊಳ್ಳುವವರು ಇದನ್ನು ಬಲ್ಲರೋ ಇಲ್ಲವೋ.

ಯುದ್ಧದ ತರುವಾಯ ಮಂಕ್ ತೆರೆಗಳ ಬೆನ್ನು ಹತ್ತಿದ. 1963ರಲ್ಲಿ ನ್ಯೂಜಿಲೆಂಡಿನಿಂದ ಅಲಾಸ್ಕದವರೆಗೆ ಸಾಲಾಗಿ ಅಳತೆಯ ಠಾಣೆಗಳನ್ನಿಟ್ಟು, ದಕ್ಷಿಣದ ಬಿರುಗಾಳಿಯಲ್ಲಿ ಹುಟ್ಟಿದ ತೆರೆಗಳು ಇಡೀ ಶಾಂತಸಾಗರ ದಾಟಿ ಬರುವುದನ್ನು ತೋರಿಸಿದ. ನಮ್ಮ ಕರಾವಳಿಗೂ ಹೀಗೆಯೇ. ಗಾಳಿಯಿಲ್ಲದ ಬೆಳಗ್ಗೆ ಮೂಲ್ಕಿಯ ದಡಕ್ಕೆ ನಿಧಾನವಾಗಿ, ಸಾಲುಗಟ್ಟಿ ಬರುವ ಉದ್ದನೆಯ ತೆರೆಗಳು ಅಲ್ಲಿಯವಲ್ಲ. ಹಿಂದೂ ಮಹಾಸಾಗರದ ತೆಂಕಣ ತುದಿಯಲ್ಲಿ, ನಲವತ್ತು ಐವತ್ತು ಅಕ್ಷಾಂಶದ ಬಿರುಗಾಳಿಗಳಲ್ಲಿ ಹುಟ್ಟಿದವು. ಲೆಕ್ಕ ಕಷ್ಟವಿಲ್ಲ. ಒಂದು ತೆರೆಯಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡು ಎಂದು ಎಣಿಸಿ, ಅದನ್ನು 1.56ರಿಂದ ಗುಣಿಸಿದರೆ ಆಳ ಕಡಲಿನಲ್ಲಿ ಅದರ ವೇಗ, ಸೆಕೆಂಡಿಗೆ ಇಷ್ಟು ಮೀಟರೆಂದು. ತೆರೆಗಳ ಗುಂಪು ಸಾಗುವುದು ಅದರ ಅರ್ಧ ವೇಗದಲ್ಲಿ. ಹದಿನಾಲ್ಕು ಸೆಕೆಂಡಿನ ತೆರೆಯ ಗುಂಪು ದಿನಕ್ಕೆ 940 ಕಿಲೋಮೀಟರು ಸಾಗುತ್ತದೆ. ಏಳು ಸಾವಿರ ಕಿಲೋಮೀಟರು ದಾಟಲು ಏಳೂವರೆ ದಿನ. ಹದಿನೆಂಟು ಸೆಕೆಂಡಿನದಾದರೆ ಆರು ದಿನದೊಳಗೆ ಬಂದುಬಿಡುತ್ತದೆ. ಆದ್ದರಿಂದ ಉದ್ದದವು ಮೊದಲು, ಗಿಡ್ಡವು ಆಮೇಲೆ. ಆ ಅಂತರದಿಂದಲೇ ಬಿರುಗಾಳಿ ಎಷ್ಟು ದೂರದಲ್ಲಿತ್ತೆಂದು ಹೇಳಬಹುದು. ಚಳಿಗಾಲದಲ್ಲಿ ಅರಬಸ್ತಾನದ ಕಡೆಯ ಶಮಾಲ್ ಎಂಬ ಗಾಳಿ ಎಬ್ಬಿಸಿದ ತೆರೆಗಳು ವಾಯವ್ಯದಿಂದ ನಮ್ಮ ತೀರಕ್ಕೆ ಬರುತ್ತವೆಂಬುದನ್ನು ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಸಂಶೋಧಕರು 2011ರಲ್ಲಿ ಬರೆದರು.

ದೂರದ ಈ ತೆರೆಗಳಿಗೆ ಕೇರಳದ ಬೆಸ್ತರು ಇಟ್ಟ ಹೆಸರು ಕನ್ನಡಿಗರಿಗೆ ಅನುವಾದವಿಲ್ಲದೆ ತಿಳಿಯುತ್ತದೆ: ಕಳ್ಳಕ್ಕಡಲ್. ಆಕಾಶ ನಿರ್ಮಲ, ಗಾಳಿಯಿಲ್ಲ. ಕಡಲು ಮಾತ್ರ ಕಳ್ಳನಂತೆ ಬಂದು ಮನೆಯೊಳಗೆ ನುಗ್ಗುತ್ತದೆ. 2012ರಲ್ಲಿ ಯುನೆಸ್ಕೊ ಆ ಶಬ್ದವನ್ನೇ ಸ್ವೀಕರಿಸಿತು. ಹೈದರಾಬಾದಿನಲ್ಲಿ 1999ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ, ಜನ ಇನ್‌ಕಾಯಿಸ್ ಎನ್ನುವುದು, ಕಡಲಿನಲ್ಲಿ ತೇಲುಬುರುಡೆಗಳನ್ನಿಟ್ಟು, ಉಪಗ್ರಹಗಳ ನೆರವಿನಿಂದ ಪ್ರತಿದಿನ ತೆರೆಯ ಎತ್ತರ, ದಿಕ್ಕು, ಅವಧಿಗಳನ್ನು ಮುಂಚಿತವಾಗಿ ತಿಳಿಸುತ್ತದೆ. 2020ರಿಂದ ಕಳ್ಳಕಡಲಿನ ಮುನ್ಸೂಚನೆಯೂ ಇದೆ. 2024ರ ಮೇ ತಿಂಗಳ ಮೊದಲ ವಾರ ಅಂತಹ ಎಚ್ಚರಿಕೆ ಹೊರಟಿತ್ತು. ಆರನೆಯ ತಾರೀಖು ಕನ್ಯಾಕುಮಾರಿ ಜಿಲ್ಲೆಯ ತೀರದಲ್ಲಿ ವೈದ್ಯಕೀಯ ಓದುತ್ತಿದ್ದ ಐವರು ಮಕ್ಕಳು ತೆರೆಯ ಪಾಲಾದರು. ಈ ಭಾಗವನ್ನು ಮನೆಯವರಿಗೆ ಓದಿ ಹೇಳಬೇಕೋ ಬೇಡವೋ ಎಂದು ನಾವು ಒಂದು ರಾತ್ರಿ ಯೋಚಿಸಿದೆವು. ಕೊನೆಗೆ ಹೇಳಿದೆವು.

ಮೂಲ್ಕಿಗೆ ಸರ್ಫಿಂಗ್ ಬಂದ ಬಗೆ ವಿಚಿತ್ರವಾಗಿದೆ. ತಂದವರು ಕಾವಿ ತೊಟ್ಟ ಅಮೆರಿಕನ್ನರು. ಜ್ಯಾಕ್ ಹೆಬ್ನರ್ ಎಂಬ ಪೂರ್ವಾಶ್ರಮದ ಹೆಸರಿನ ನರಸಿಂಹ ಸ್ವಾಮಿಗಳು 2004ರಲ್ಲಿ ತಮ್ಮ ಶಿಷ್ಯರೊಡನೆ ಅಲ್ಲಿ ಮಂತ್ರ ಸರ್ಫ್ ಕ್ಲಬ್ಬನ್ನು ಆರಂಭಿಸಿದರು. ಬೆಳಿಗ್ಗೆ ಜಪ, ಆಮೇಲೆ ಹಲಗೆ ಹಿಡಿದು ಕಡಲು. ಅವರು 2020ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಊರಿನ ಹುಡುಗರೇ ಈ ವಿದ್ಯೆಯಲ್ಲಿ ನುರಿತಿದ್ದರು; 2016ರ ಮೇ ತಿಂಗಳಲ್ಲಿ ಶಾಂಭವಿ, ನಂದಿನಿ ನದಿಗಳು ಕೂಡಿ ಕಡಲು ಸೇರುವ ಸಸಿಹಿತ್ಲಿನಲ್ಲಿ ಅಖಿಲ ಭಾರತ ಮಟ್ಟದ ಸ್ಪರ್ಧೆ ನಡೆಯಿತು. ಕಲಿಯುವವರಿಗೆ ಆ ತೀರ ಹಿತವಾದದ್ದೇಕೆ? ತಳದಲ್ಲಿ ಮರಳು, ಬಿದ್ದರೆ ಗಾಯವಿಲ್ಲ. ಒಂದು ಮೀಟರಿನ ತೆರೆ ಒಂದೂಕಾಲು ಮೀಟರಿನಷ್ಟು ನೀರಿನಲ್ಲಿ ಒಡೆಯುತ್ತದೆ. ಅಂದರೆ ಎದೆಯ ಮಟ್ಟದ ನೀರು. ಇಂಗ್ಲೆಂಡು, ಕ್ಯಾಲಿಫೋರ್ನಿಯದ ತಣ್ಣೀರಿನಲ್ಲಿ ಕಲಿಯುವವರು ಮೈಗೆಲ್ಲ ರಬ್ಬರಿನ ಅಂಗಿ ತೊಡಬೇಕು. ನಮ್ಮ ನೀರು ವರ್ಷವಿಡೀ ಇಪ್ಪತ್ತೇಳು, ಮೂವತ್ತು ಡಿಗ್ರಿ. ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಬೀಸಿ ತೆರೆಯನ್ನು ನೇರವಾಗಿ ನಿಲ್ಲಿಸುತ್ತದೆ. ಹೊತ್ತೇರಿದ ಮೇಲೆ ಕಡಲಗಾಳಿ ಎದ್ದು ಎಲ್ಲವನ್ನೂ ಕಲಕುತ್ತದೆ. ಜೂನಿನಿಂದ ಮಾತ್ರ ಅದೇ ತೀರ ಕಲಿಯುವವರದಲ್ಲ. ಮಳೆಗಾಲಕ್ಕೆ ಮೊದಲೂ ಮೋಸವಿದ್ದದ್ದೇ: 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದಲ್ಲಿ ಮೂಲ್ಕಿಯ ಎದುರಿನ ಬಂಡೆಗಳಿಗೆ ಸಿಕ್ಕ ಹಡಗಿನಿಂದ ಒಂಬತ್ತು ಜನರನ್ನು ನೌಕಾದಳ, ತಟರಕ್ಷಕ ದಳದವರು ಎತ್ತಿ ತಂದರು.

ನದೀಮುಖದಲ್ಲಿ ಮರಳಿನ ದಿಬ್ಬ ಜಾಗ ಬದಲಿಸುತ್ತದೆ, ಸೆಳವೂ ಬದಲಿಸುತ್ತದೆ. ತೆರೆ ಒಡೆಯದೆ ನೀರು ಸಮತಟ್ಟಾಗಿ, ಶಾಂತವಾಗಿ ಕಾಣುವ ಪಟ್ಟಿಯೇ ಸೆಳವಿನ ದಾರಿ. ತಿಳಿಯದವರು ಇಳಿಯಲು ಅದನ್ನೇ ಆರಿಸುತ್ತಾರೆ. ಸಿಕ್ಕಿಬಿದ್ದರೆ ದಡದ ಕಡೆಗೆ ಈಜಿ ಸುಸ್ತಾಗದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು. ಇದನ್ನು ಮಗಳಿಗೆ ಮೂರು ಸಲ ಹೇಳಿಸಿದೆವು.

ಆ ಬೆಳಗ್ಗೆ ಮುನ್ಸೂಚನೆ ಮುಕ್ಕಾಲು ಮೀಟರು, ಹದಿಮೂರು ಸೆಕೆಂಡು, ನೈಋತ್ಯದಿಂದ ಎಂದಿತ್ತು. ಉಬ್ಬರ ಏರುವ ಹೊತ್ತು. ಕಲಿಸುವ ಹುಡುಗ, ನಮ್ಮ ಊರಿನವನೇ, ನಮ್ಮ ಫೋನಿನ ಅಂಕಿಗಳನ್ನು ಸೌಜನ್ಯಕ್ಕೆಂದು ನೋಡಿ, ದಡದಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತು ಕಡಲು ನೋಡಿದ. ಆಮೇಲೆ, “ಇಲ್ಲಿ ಬೇಡ ಅಣ್ಣಾ, ತೆಂಕಕ್ಕೆ ನೂರು ಹೆಜ್ಜೆ ಹೋಗುವ, ಇಲ್ಲಿ ಸೆಳವು ಉಂಟು” ಎಂದ. ಮಗಳು ಸೊಂಟದ ಮಟ್ಟದ ನೀರಿನಲ್ಲಿ ಎಂಟು ಸಲ ಬಿದ್ದಳು. ಒಂಬತ್ತನೆಯ ಸಲ ನೊರೆಯ ಮೇಲೆ ಎದ್ದು ನಿಂತು ಮೂರು ಮಾರು ದೂರ ಬಂದಳು. ಮನೆಯವರು ಸೆರಗು ಹಿಡಿದುಕೊಂಡು ಮೊಣಕಾಲಿನವರೆಗೆ ನೀರಿಗಿಳಿದಿದ್ದರು. ಅದು ಅವರಿಗೆ ತಿಳಿದಂತೆ ಕಾಣಲಿಲ್ಲ. ನಾವು ಕೈಗಡಿಯಾರ ನೋಡುತ್ತ ತೆರೆಗಳ ನಡುವಣ ಅಂತರ ಎಣಿಸಿದೆವು: ಹದಿಮೂರು, ಹನ್ನೆರಡು, ಮತ್ತೆ ಹದಿಮೂರು. ಎಂಟು ದಿನದ ದಾರಿ. ಆ ತೆರೆ ತೆಂಕಣ ಕಡಲಿನಿಂದ ಹೊರಟಾಗ ನಾವಿನ್ನೂ ಮತ್ಸ್ಯಗಂಧಾದ ಟಿಕೇಟಿಗೆ ಸಾಲಿನಲ್ಲಿ ನಿಂತಿದ್ದೆವು, ಮನೆಯಲ್ಲಿ ಹೌದು ಅಲ್ಲ ಇನ್ನೂ ತೀರ್ಮಾನವಾಗಿರಲಿಲ್ಲ.